ಹೋಗೋಕೆ ಒಂದೂವರೆ, ಬರೋಕೆ ನಾಲ್ಕೂವರೆ

ನಿಟ್ಟೂರು
14-2-1982

ನಮ್ಮ ಮನೆಯವರಿಗೆ ಉಮಾಮಹೇಶ್ವರಿಯ ನಮಸ್ಕಾರ.

ದುಬೈಯಿಂದ ಬರೆದ ಪತ್ರ ತಲುಪಿತು. ನಾನು ಕೊಟ್ಟ ಪಟ್ಟಿಯ ಸಾಮಾನೆಲ್ಲ ಕೊಂಡುಕೊಂಡು, ಯುಗಾದಿ ಬದಲು ದೀಪಾವಳಿಗೆ ಬರ್ತೀನಿ ಅಂತ ಬರೆದಿದ್ದೀರಿ. ವಿಮಾನದ ಟೈಮೂ ಬರೆದಿದ್ದಿರಲ್ಲ, ಅದನ್ನ ಅತ್ತೆಗೆ ಓದಿ ಹೇಳಿದೆ. ಹೋಗುವಾಗ ಬೊಂಬಾಯಿ ಬಿಟ್ಟಿದ್ದು ಹತ್ತಕ್ಕೆ, ದುಬೈ ಸೇರಿದ್ದು ಹನ್ನೊಂದೂವರೆಗೆ. ಬರುವಾಗ ಅಲ್ಲಿ ಒಂದು ಗಂಟೆಗೆ ಹೊರಟರೆ ಬೊಂಬಾಯಿಗೆ ಐದೂವರೆ.

ಅತ್ತೆ ಬೆರಳು ಮಡಿಸಿ ಎಣಿಸಿದರು. ಹೋಗೋಕೆ ಒಂದೂವರೆ ಗಂಟೆ, ಬರೋಕೆ ನಾಲ್ಕೂವರೆ.

"ಇನ್ನೇನಾಯ್ತದೆ? ಗುಬ್ಬಿ ಸಂತೆಗೆ ಹೋಗೋವಾಗ ನಮ್ಮ ಗಾಡಿ ಓಡ್ತದೆ. ಬರೋವಾಗ ಬೂಸಾ, ಹಿಂಡಿ ಹೇರಿರ್ತೀವಿ, ಎತ್ತು ಕಾಲೇ ಕೀಳಲ್ಲ. ಇವನೂ ವಿಮಾನದ ತುಂಬ ಸಾಮಾನು ಹೇರ್ಕಂಡು ಬತ್ತಾನೆ ಅಲ್ವಾ" ಅಂದರು.

ನಿಮ್ಮ ಹಳೇ ಗ್ಯಾರೇಜಿನ ಮೆಹಬೂಬ್ ಪಾಷಾ ಶಿರಾ ಗೇಟಿಂದ ಬಂದಿದ್ದರು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ, ಹೋದರೂ ಬಂದರೂ ಮೂರೇ ಗಂಟೆ ಅಂತ ಬಿಡಿಸಿ ಹೇಳಿದರು. ಅತ್ತೆ ಅವರಿಗೆ ಕಾಫಿ ಕೊಟ್ಟರು, ಮಾತು ಮಾತ್ರ ಒಪ್ಪಲಿಲ್ಲ.

ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಪಾಷಾ ಹೇಳಿದ್ದೇ ಸರಿ ಅಂತ ಗೊತ್ತು. ಆದರೂ ಈ ವಿಷಯದಲ್ಲಿ ನಾನು ಅತ್ತೆ ಕಡೆ. ಟೇಪ್ ರೆಕಾರ್ಡರ್ ಬೇಡ, ನೈಲಾನ್ ಸೀರೆಗಳೂ ಬೇಡ. ಆ ಪಟ್ಟಿ ಹರಿದು ಬಿಸಾಕಿ.

ಹಾಕ್ಕೊಂಡ ಬಟ್ಟೇಲೇ ಹೊರಟುಬಿಡಿ. ವಿಮಾನ ಖಾಲಿ ಇದ್ದರೆ ಯುಗಾದಿಗೇ ಮನೆ ಸೇರ್ತೀರಿ.

ಇತಿ,
ಪಟ್ಟಿ ಬರೆದು ಕೆಟ್ಟ
ಉಮಾ