ಸೊಂಪಾದ ನಿದ್ದೆ

ಅಪ್ಪಾ,

ನೀವು ಹೋಗಿ ವರ್ಷಗಳಾದವು. ಓದುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇವತ್ತು ನಾನು ಇಸ್ತ್ರಿ ಮಾಡುವ ಲಾಂಡ್ರಿಯಲ್ಲಿ ಟಿವಿ ಹಾಕಿದ್ದರು. ಚುನಾವಣೆಗೆ ನಿಂತಿರುವ ಒಬ್ಬ ನಾಯಕ, ಎದುರು ಮಾತಾಡುವವರ ಬಾಯಿ ಮುಚ್ಚಿಸುತ್ತೇನೆಂದು ಮೈಕಿನ ಮುಂದೆ ಕೂಗಾಡುತ್ತಿದ್ದ. ಪಕ್ಕದ ಮೇಜಿನ ಅಕ್ಕ, "ಇವನ ದನಿ ಕೇಳಿದ್ರೇನೇ ಕೈಕಾಲು ನಡುಗುತ್ತೆ ಕಣೇ" ಎಂದಳು. ನನಗೆ ಮಾತ್ರ ಆಕಳಿಕೆ ಬಂತು. ಕಣ್ಣು ಎಳೆಯಿತು. ಅಷ್ಟರಲ್ಲಿ ಯಾರದೋ ಬಿಳಿ ಅಂಗಿಯ ತೋಳು ಸುಟ್ಟಿತ್ತು.

ನಿದ್ದೆ ಯಾಕೆ ಬಂತೆಂದು ಆಮೇಲೆ ಹೊಳೆಯಿತು. ನೀವು ಊಟದ ಹೊತ್ತಿಗೆ ಒಮ್ಮೆ ಗದರಿದರೆ ಅಮ್ಮ, ಅಣ್ಣ ಎಲ್ಲರೂ ತೆಪ್ಪಗಾಗುತ್ತಿದ್ದರು. ಇನ್ನು ಯಾರೂ ಜಗಳವಾಡುವುದಿಲ್ಲ ಎಂಬ ಧೈರ್ಯದಲ್ಲಿ ನನಗೆ ಸೊಂಪಾದ ನಿದ್ದೆ ಬರುತ್ತಿತ್ತು. ನನ್ನ ವೋಟು ಅವನಿಗೇ, ಅಪ್ಪಾ. ನಯವಾಗಿ ಮಾತಾಡುವವರನ್ನು ಕಂಡರೆ ನನಗೆ ಕಳವಳವಾಗುತ್ತದೆ.

ರಾತ್ರಿ ಮಲಗುವ ಹೊತ್ತಿಗೆ ಮಗಳು, "ಅವನಿಗೆ ಯಾಕಮ್ಮ ವೋಟು? ಅವನು ಎಲ್ಲರಿಗೂ ಬೈತಾನೆ" ಎಂದು ಬಿಡದೆ ಕೇಳಿದಳು. ನಾನು ಒಮ್ಮೆ ಗದರಿದೆ. ಬಾಯಿಂದ ಹೊರಟಿದ್ದು ನಿಮ್ಮದೇ ದನಿ. ಅವಳು ತೆಪ್ಪಗಾಗಿ, ಗೋಡೆಯ ಕಡೆ ತಿರುಗಿ ಮಲಗಿದಳು.

ಎಷ್ಟು ಬೇಗ ನಿದ್ದೆ ಹೋದಳು ಅಂತೀರಿ.