ರಬ್ಬರಿನ ತುದಿಯೋ, ಬುಡವೋ?

ಕಣ್ಣಾಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ತಮ್ಮಲ್ಲಿ ನನ್ನ ಎಡಗಣ್ಣಿನೊಳಗೆ ಚುಚ್ಚುವ ಮದ್ದಿನ ಅಳತೆ ಪ್ರತಿ ಸಲವೂ ಒಂದೇ ಇರುವುದಿಲ್ಲ ಎಂಬುದು ನನ್ನ ದೂರು. ಬಲಗಣ್ಣು ಹಿಂದೆಯೇ ಹೋಯಿತು. ಅದಕ್ಕೆ ತಕರಾರಿಲ್ಲ, ಅದು ನನ್ನ ಸಕ್ಕರೆ ಕಾಯಿಲೆಯ ಪಾಲು. ಉಳಿದಿರುವುದು ಇದೊಂದೇ. ಮುಂದಿನ ವಾರ ಮತ್ತೆ ಸೂಜಿಯಿದೆ. ಹೋಗಲೋ ಬೇಡವೋ ತಿಳಿಯುತ್ತಿಲ್ಲ. ಈ ಮೊದಲು ತಮಗೊಬ್ಬರಿಗೇ ಬರೆದಾಗ "ಪರಿಶೀಲಿಸಲಾಗುವುದು" ಎಂಬ ಉತ್ತರ ಬಂತು. ಕಾಲೇಜಿನಲ್ಲಿ ಇದಕ್ಕೆ ಪ್ಯಾಸಿವ್ ವಾಯ್ಸ್ ಎನ್ನುತ್ತಿದ್ದರು: ಕೆಲಸ ಇರುತ್ತದೆ, ಮಾಡುವವನು ಇರುವುದಿಲ್ಲ. ಆದ್ದರಿಂದ ಈ ಸಲ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಅನುಮಾನದ ಮನುಷ್ಯ, ಒಪ್ಪಿದೆ. ನನ್ನ ಹೆಂಡತಿ ಇದ್ದಾಗ ಹಾಲಿನವನು ಬಂದರೆ ನನ್ನನ್ನು ಒಳಗೆ ಕಳಿಸುತ್ತಿದ್ದಳು. ಕ್ಯಾನಿನೊಳಗೆ ಇಣುಕಿ ಮಾನ ಕಳೀತೀರಿ ಅಂತ. ಆದರೆ ಇದು ಹಾಲಲ್ಲ. ಒಮ್ಮೆ ಸೂಜಿ ತೆಗೆದ ಕೂಡಲೇ ಕಣ್ಣು ಕಲ್ಲಿನಂತೆ ಗಟ್ಟಿಯಾಗಿ, ದೀಪ ಆರಿಸಿದ ಹಾಗೆ ಕತ್ತಲಾಯಿತು. ದೊಡ್ಡ ಡಾಕ್ಟರಮ್ಮ ಓಡಿ ಬಂದು ಒಳಗಿನ ನೀರನ್ನು ಒಂದಿಷ್ಟು ಹೊರಗೆ ತೆಗೆದ ಮೇಲೆ ಅವರ ಬೆರಳು ಕಂಡವು. ಅದರ ಮುಂದಿನ ಸಲ ನೋವೂ ಇಲ್ಲ, ಗುಣವೂ ಇಲ್ಲ. ಕಣ್ಣೊಳಗಿನ ಊತ ಇದ್ದಲ್ಲೇ ಇತ್ತು. ಮದ್ದು ಅದೇ, ಕಣ್ಣು ಅದೇ. ಬೇರೆಯಾದದ್ದು ಏನು?

ಉತ್ತರ ಸಿಕ್ಕಿದ್ದು ಹೋದ ಸಲ, ಮುಖಕ್ಕೆ ಹಸಿರು ಬಟ್ಟೆ ಹೊದಿಸಿ ಮಲಗಿಸಿದ್ದಾಗ. ಬಟ್ಟೆ ಮುಚ್ಚಿದ ಕೂಡಲೇ ರೋಗಿಗೆ ಕಿವಿಯೂ ಕೇಳಿಸದು ಎಂಬ ನಂಬಿಕೆ ತಮ್ಮ ಸಿಬ್ಬಂದಿಗಿದೆ.

"ಮೇಡಂ, ಸಿರಿಂಜಿನ ಗೆರೆಗೆ ಬರಬೇಕಾದ್ದು ರಬ್ಬರಿನ ತುದಿನಾ, ಬುಡಾನಾ?" ಇದು ಕಲಿಯಲು ಬಂದ ಡಾಕ್ಟರಮ್ಮ.

"ಗೆರೆ ಹತ್ರ ನಿಲ್ಸಮ್ಮ. ಹೆಚ್ಚು ಕಡಿಮೆ ಒಂದೇ. ಹೊರಗೆ ಎಷ್ಟು ಜನ ಕೂತಿದಾರೆ ನೋಡು." ಇದು ಕಲಿಸುವ ಮೇಡಂ.

"ಯಾವುದು ಒಂದೇ ತಾಯಿ?" ಎಂದು ನಾನು ಬಟ್ಟೆಯೊಳಗಿಂದ ಕೇಳಿದೆ.

"ತಾತಾ, ಮಾತಾಡ್ಬೇಡಿ, ಕಣ್ಣು ಅಲ್ಲಾಡುತ್ತೆ" ಎಂದು ಸಿಸ್ಟರ್ ನನ್ನ ಹಣೆ ಸವರಿದರು. ಆಸ್ಪತ್ರೆಯಲ್ಲಿ ಯಾರಾದರೂ ಹಣೆ ಸವರಿದರೆ ನನ್ನ ಅನುಮಾನ ಇನ್ನೂ ಹೆಚ್ಚುತ್ತದೆ.

ಮನೆಗೆ ಬಂದು, ಮೊಮ್ಮಗಳಿಗೆ ಕೆಮ್ಮಿನ ಔಷಧಿ ಕುಡಿಸುವ ಸಿರಿಂಜಿಗೆ ನೀರು ತುಂಬಿದೆ. ಕಣ್ಣು ಸಾಲದೆ ಮಗಳನ್ನು ಕರೆದೆ. ಒಳಗಿನ ರಬ್ಬರು ಗೋಪುರದ ಹಾಗೆ ಉಬ್ಬಿದೆಯಂತೆ. ತಳ್ಳುತ್ತಾ ಹೋಗಿ ಅದರ ತುದಿ ಗೆರೆ ಮುಟ್ಟಿದಾಗಲೇ ನಿಲ್ಲಿಸಿದರೆ ನೀರು ಜಾಸ್ತಿ ಉಳಿಯುತ್ತದೆ. ಬುಡ ಗೆರೆಗೆ ಬರುವ ತನಕ ತಳ್ಳಿದರೆ ಕಡಿಮೆ.

"ಇಷ್ಟೇ ಇಷ್ಟು ವ್ಯತ್ಯಾಸ ಅಪ್ಪಾ. ಒಂದು ಹನಿಯೂ ಇಲ್ಲ" ಎಂದಳು.

"ಕಣ್ಣಿಗೆ ಹಾಕೋದು ಎಷ್ಟು ಅಂದ್ಕೊಂಡೆ?"

"ಎಷ್ಟು?"

"ಒಂದು ಹನಿ."

ಅವಳು ಸಿರಿಂಜು ಕೆಳಗಿಟ್ಟಳು. "ಡಾಕ್ಟರಿಗೆ ಪಾಠ ಹೇಳೋಕೆ ಹೋಗ್ಬೇಡಿ, ಅವರಿಗೆ ಕೋಪ ಬಂದ್ರೆ ಕಷ್ಟ" ಎಂದಳೇ ಹೊರತು ನಗಲಿಲ್ಲ.

ಮಾನ್ಯರೇ, "ಹೆಚ್ಚು ಕಡಿಮೆ" ಎಂಬ ಮಾತು ತಮ್ಮಲ್ಲಿ ಎರಡು ಕಡೆ ಕೇಳಿಸುತ್ತದೆ. ಸೂಜಿ ತುಂಬುವಾಗ "ಹೆಚ್ಚು ಕಡಿಮೆ ಒಂದೇ". ಅದಕ್ಕೂ ಮೊದಲು, ಕೌಂಟರಿನಲ್ಲಿ, "ಏನಾದ್ರೂ ಹೆಚ್ಚು ಕಡಿಮೆ ಆದ್ರೆ ನಾವು ಹೊಣೆ ಅಲ್ಲ, ಸೈನ್ ಹಾಕಿ ಯಜಮಾನ್ರೇ". ಮೊದಲನೆಯದರಿಂದಲೇ ಎರಡನೆಯದು ಹುಟ್ಟುತ್ತದೆ ಎಂದು ನನ್ನ ಗುಮಾನಿ. ಇಂಗ್ಲಿಷಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಮಾತುಗಳಿದ್ದವು. ಒಂದು ಮೋರ್ ಆರ್ ಲೆಸ್. ಇನ್ನೊಂದು ಮರೆತುಹೋಗಿದೆ, ನನಗೆ ಆಗಬಾರದ್ದು ಮಾತ್ರ ಆ ಮರೆತುಹೋದದ್ದೇ.

ಡಾಕ್ಟರುಗಳು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಕತ್ತಲಾದಾಗ ಓಡಿ ಬಂದವರೂ ಅವರೇ. ಆದರೆ ಕಲಿಯುವ ಹುಡುಗಿ ಕೇಳಿದ ಪ್ರಶ್ನೆಗೆ ಯಾರೂ ಯಾಕೆ ಉತ್ತರಿಸಲಿಲ್ಲ? ಉತ್ತರ ಗೊತ್ತಿಲ್ಲವೋ, ಅಥವಾ ಉತ್ತರ ಕೊಟ್ಟರೆ ಇಷ್ಟು ದಿನ ಒಬ್ಬೊಬ್ಬರು ಒಂದೊಂದು ತರಹ ತುಂಬುತ್ತಿದ್ದದ್ದು ಹೊರಬೀಳುತ್ತದೋ?

ನನ್ನ ಬೇಡಿಕೆ ಒಂದೇ. ತುದಿಯೋ ಬುಡವೋ ಎಂಬುದನ್ನು ತೀರ್ಮಾನಿಸಿ, ಸೂಜಿ ಹಾಕುವ ಕೋಣೆಯ ಗೋಡೆಯ ಮೇಲೆ, ನಮಗೆ ತಿಳಿಯುವ ಭಾಷೆಯಲ್ಲಿ ಬರೆಸಿ. ಮುಂದಿನ ವಾರದೊಳಗೆ ಬರೆಸಿದರೆ ಸಾಧಾರಣ ಅಕ್ಷರ ಸಾಕು. ತಡವಾಗುವುದಾದರೆ, ದಯವಿಟ್ಟು, ದಪ್ಪ ಅಕ್ಷರದಲ್ಲಿ ಬರೆಸಿ.

ಇಂತಿ,
ಸದ್ಯಕ್ಕೆ ತಮ್ಮ ಗೋಡೆ ಕಾಣುತ್ತಿರುವ
ಒಬ್ಬ ಎಡಗಣ್ಣಿನ ರೋಗಿ