ಹಳದಿ ಬಟ್ಟೆಯ ಮುಡಿಪು

೨೦೦೮ ಆಗಸ್ಟ್ ೧೦, ಕ್ವೇಕರ್ಸ್ ಹಿಲ್

ಮೀನು ಸಾರು ಒಲೆಯ ಮೇಲಿತ್ತು. ಮಗ ತುಷಾರ್‌ನ ಫೋನ್. ಕ್ಯಾನ್‌ಬೆರಾದ ಸೇನಾ ಅಕಾಡೆಮಿಯಿಂದ. ಮೆಲ್ಬರ್ನ್‌ನ ಫುಟಿ (ಇಲ್ಲಿಯವರ ಫುಟ್‌ಬಾಲ್) ಕ್ಲಬ್ಬೊಂದು ಅವನನ್ನು ಟ್ರಯಲ್‌ಗೆ ಕರೆದಿದೆಯಂತೆ! ಆಯ್ಕೆಯಾದರೆ ಸೇನೆಯಿಂದ ಬಿಡುಗಡೆ ಕೇಳುತ್ತಾನಂತೆ. ಆಗದಿದ್ದರೆ ಕೋರ್ಸ್ ಮುಗಿಸಿ ಸೇನೆಗೇ. ಅಲ್ಲಿಂದ ಅಫ್ಘಾನಿಸ್ತಾನಕ್ಕೂ ಕಳಿಸಬಹುದು...

"ಅಮ್ಮ, ಚಿಕ್ಕಂದಿನಿಂದ ನಂಗೆ ಇದೊಂದೇ ಬೇಕಿತ್ತು," ಎಂದ. ಸಾರು ತಳ ಹಿಡಿಯಿತು. ಹಿಡಿಯಲಿ.

ಆಗಸ್ಟ್ ೧೧

ಬೆಳಿಗ್ಗೆ ಮಿಂದು, ಊರಿನ ಒಂದು ರೂಪಾಯಿಯನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಮುಡಿಪು ಇಟ್ಟೆ. ನಮ್ಮೂರಿನ ದೈವ ಕೊರಗಜ್ಜನಿಗೆ ಹರಕೆ. "ಅಜ್ಜಾ, ನನ್ನ ಮಗ ಯುದ್ಧಕ್ಕೆ ಹೋಗುವುದನ್ನು ತಪ್ಪಿಸು. ಊರಿಗೇ ಬಂದು ಚಕ್ಕುಲಿ, ಬೀಡಾ ಒಪ್ಪಿಸುತ್ತೇನೆ." ಆಟದ ಮಾತು ಎತ್ತಲಿಲ್ಲ. ಯುದ್ಧ ತಪ್ಪಿದರೆ ಉಳಿಯುವುದು ಆಟವೇ ತಾನೆ?

ಇವರಿಗೆ ನಗು. "ಅಜ್ಜನಿಗೆ ಫುಟಿ ರೂಲ್ಸ್ ಗೊತ್ತುಂಟಾ ಮಾರಾಯ್ತಿ?"

ಅಕ್ಟೋಬರ್ ೯, ಗ್ಲೆನ್ ವೇವರ್ಲಿ

ಮೆಲ್ಬರ್ನ್‌ನಲ್ಲಿ ನಾದಿನಿ ವಾಸಂತಿಯ ಮನೆ. ನಿನ್ನೆ ಟ್ರಯಲ್‌ನಲ್ಲಿ ಚೆಂಡಿಗೆ ಹಾರಿ ಇಳಿಯುವಾಗ ತುಷಾರ್‌ನ ಮೊಣಕಾಲು ತಿರುಚಿತು. ಸುದ್ದಿ ಕೇಳಿ ಸಿಕ್ಕಿದ ವಿಮಾನ ಹತ್ತಿ ಬಂದೆವು. ಲಿಗಮೆಂಟ್ ಪೂರ್ತಿ ಹರಿದಿದೆ, ಮೂಳೆಯೂ ಒಡೆದಿದೆ. "ನಡೆಯಲು ತೊಂದರೆಯಾಗದು," ಎಂದರು ಡಾಕ್ಟರು. ಓಡುವ ಮಾತು ಅವರೂ ಆಡಲಿಲ್ಲ, ನಾವೂ ಕೇಳಲಿಲ್ಲ.

ವಾಸಂತಿ ಗಂಜಿ ಮಾಡಿ ಕೊಟ್ಟಳು. ಅವನು ಗೋಡೆ ಕಡೆ ತಿರುಗಿ ಮಲಗಿದ್ದ.

"ಒಂಚೂರು ಉಣ್ಣು ಮಗಾ."

"ಲೀವ್ ಇಟ್, ಅಮ್ಮ."

ಡಿಸೆಂಬರ್ ೩, ಕ್ವೇಕರ್ಸ್ ಹಿಲ್

ಕ್ಲಬ್‌ನವರು ಬೇರೆ ಹುಡುಗನನ್ನು ತೆಗೆದುಕೊಂಡರು. ಇವತ್ತು ಸೇನೆಯವರ ಕಾಗದವೂ ಬಂತು — ಮೆಡಿಕಲಿ ಅನ್‌ಫಿಟ್. ಇನ್ನು ಯುದ್ಧಕ್ಕೆ ಹೋಗುವುದಿಲ್ಲ. ಹೋಗುವುದೇ ಇಲ್ಲ.

ಬಚ್ಚಲಿನಲ್ಲಿ ನಲ್ಲಿ ಬಿಟ್ಟು ಅತ್ತೆ. ಸಂಕಟಕ್ಕೆ ಅತ್ತೆ, ಸಮಾಧಾನಕ್ಕೂ ಅತ್ತೆ. ಥೂ, ನನ್ನ ಜನ್ಮಕ್ಕಿಷ್ಟು.

ಇವರು ಈಗ ನಗುವುದಿಲ್ಲ. "ಹರಕೆ ಬಾಕಿ ಇಡ್ಲಿಕ್ಕಿಲ್ಲ. ಟಿಕೆಟ್ ಬುಕ್ ಮಾಡ್ತೇನೆ."

"ಯಾವ ಮುಖ ಹೊತ್ತುಕೊಂಡು ಚಕ್ಕುಲಿ ಇಡಲಿ?"

"ನೀನು ಕೇಳಿದ್ದನ್ನು ಅಜ್ಜ ಕೊಟ್ಟಾಯ್ತಲ್ಲ," ಎಂದರು. ಕೊಂಕಿನಿಂದಲ್ಲ. ಮೆಲ್ಲಗೆ.

೨೦೦೯ ಜನವರಿ ೧೧

ನಾಳೆ ವಿಮಾನ. ಸೂಟ್‌ಕೇಸ್ ತುಂಬುತ್ತಿದ್ದೆ. ತುಷಾರ್ ಕುಂಟುತ್ತಾ ಬಂದ. ಬಟ್ಟೆಗಳ ಮೇಲಿದ್ದ ಮುಡಿಪು ಎತ್ತಿಕೊಂಡ.

"ಇದು ನನ್ನ ಫುಟಿಗೆ ಕಟ್ಟಿದ್ದಾ, ಅಮ್ಮ?"

"ಹೂಂ" — ಬಾಯಿಗೆ ಬಂದುಬಿಟ್ಟಿತು.

ಎಷ್ಟೋ ವಾರಗಳ ಮೇಲೆ ನಕ್ಕ ನನ್ನ ಮಗ. ಹೆಗಲ ಮೇಲೆ ಕೈ ಹಾಕಿದ. "ಹಾಗಾದ್ರೆ ಏನೂ ಕೊಡೋದು ಬೇಡ. ಇಟ್ ಡಿಡಂಟ್ ವರ್ಕ್. ಯಾಕೆ ಸುಮ್ನೆ ಅಷ್ಟು ದೂರ?" ಗಂಟು ಬಿಚ್ಚಿ ರೂಪಾಯಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ. ಹೋದ.

ಮತ್ತೆ ಕಟ್ಟಬೇಕು. ಪಕ್ಕದ ರೂಮಿನಲ್ಲಿ ಟಿವಿ ಹಾಕಿದ್ದಾನೆ. ಹೋಗುವ ಮುಂಚೆ ಹೇಳಲೇಬೇಕು. ಅದು ಆಟಕ್ಕೆ ಕಟ್ಟಿದ್ದಲ್ಲ ಮಗಾ, ನಾನು ಕೇಳಿದ್ದು —